ಲಸಿಕೆ ಆಗಿದೆಯಾ ಅಂತ ಈಗ ನಾನು ಕೇಳುವುದಿಲ್ಲ

ಸಾಗರದ ಕಡೆ ಹಳ್ಳಿಗಳಲ್ಲಿ ದನ, ನಾಯಿಗಳಿಗೆ ಔಷಧಿ ಮಾಡುವುದು ನನ್ನ ಕೆಲಸ. ಒಂದು ಆಷಾಢದಲ್ಲಿ ಕರಿಯನನ್ನು ಕರೆತಂದರು. 4 ವರ್ಷದ ಗಟ್ಟಿ ನಾಯಿ, ಹಗಲಿಡೀ ಅಡಿಕೆ ತೋಟದಲ್ಲೇ ಓಡಾಟ. ಜ್ವರವಿತ್ತು, ವಾಂತಿಯಾಗಿತ್ತು. ಬೆನ್ನು ಬಾಗಿಸಿ ನಿಂತಿತ್ತು, ಸೊಂಟ ಮುಟ್ಟಿದರೆ ನರಳುತ್ತಿತ್ತು.

“ಲಸಿಕೆ ಆಗಿದೆಯಾ ಅಮ್ಮಾ?”

“ವರ್ಷ ವರ್ಷ ಹಾಕಿಸ್ತೀವಿ ಡಾಕ್ಟ್ರೇ. ನೀರು ಮಾತ್ರ ಚೆನ್ನಾಗಿ ಕುಡೀತಿದೆ.”

ನೀರು ಕುಡಿಯುತ್ತಿದೆಯಲ್ಲ, ಒಳ್ಳೆಯದೇ ಅಂದುಕೊಂಡೆ. ಏನೋ ಕೊಳೆತದ್ದು ತಿಂದಿರಬೇಕು ಎಂದು ವಾಂತಿಗೆ, ಜ್ವರಕ್ಕೆ ಇಂಜೆಕ್ಷನ್ ಕೊಟ್ಟು ಕಳಿಸಿದೆ. ಮೂರನೇ ದಿನ ಅದರ ಕಣ್ಣು, ಒಸಡು ಹಳದಿಯಾಗಿದ್ದವು. ಇಲಿ ಜ್ವರ. ಆ ಬಾಯಾರಿಕೆ ಕಿಡ್ನಿ ಸೋಲುತ್ತಿರುವ ಗುರುತಾಗಿತ್ತು.

ಆಗ ಲಸಿಕೆಯ ಕಾರ್ಡ್ ತರಿಸಿ ನೋಡಿದೆ. ವರ್ಷ ವರ್ಷ ಹಾಕಿಸಿದ್ದು ರೇಬಿಸ್‌ದು ಮಾತ್ರ. ಅಮ್ಮ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ನಾಯಿಗೆ ಲಸಿಕೆ ಎಂದರೆ ಹುಚ್ಚುನಾಯಿ ರೋಗದ್ದೇ. ನಾನು ಕೇಳಿದ ರೀತಿಯೇ ತಪ್ಪು. ಈಗ ಕಾರ್ಡ್ ಕೊಡಿ ಅನ್ನುತ್ತೇನೆ. ಸ್ಟಿಕರ್‌ನಲ್ಲಿ ಲಸಿಕೆ ಹೆಸರಿನ ಕೊನೆಗೆ ‘ಎಲ್’ ಅಕ್ಷರ ಇದೆಯಾ, ತಾರೀಕು ಯಾವುದು ಎಂದು ನಾನೇ ನೋಡುತ್ತೇನೆ. ‘ಎಲ್’ ಅಂದರೆ ಲೆಪ್ಟೊಸ್ಪೈರಾ, ಇಲಿ ಜ್ವರದ ಬ್ಯಾಕ್ಟೀರಿಯಾ.

ಇದು ಇಲಿ, ಹೆಗ್ಗಣಗಳ ಮೂತ್ರದಲ್ಲಿ ಬರುತ್ತದೆ. ನಿಂತ ನೀರಿನಲ್ಲಿ, ಹಸಿ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ನಾಯಿ ಆ ನೀರು ಕುಡಿಯಲೇಬೇಕು ಅಂತೇನಿಲ್ಲ. ಕಾಲಿನ ಸಣ್ಣ ಗಾಯ, ಕಣ್ಣು, ಮೂಗು ಸಾಕು. ಮಳೆಗಾಲದ ಬಸಿಗಾಲುವೆಯಲ್ಲಿ ಇಳಿದು ಹತ್ತುವ ನಾಯಿಗೆ ಇನ್ನೆಷ್ಟು ಬೇಕು, ಅಲ್ವಾ?

ಕರಿಯನಿಗೆ ಪೆನ್ಸಿಲಿನ್, ದಿನವೂ ಡ್ರಿಪ್, ಆಮೇಲೆ 2 ವಾರ ಡಾಕ್ಸಿಸೈಕ್ಲಿನ್. ಬದುಕಿತು, ಆದರೆ ಕಿಡ್ನಿ ಮೊದಲಿನಂತಾಗಲಿಲ್ಲ. ಆ ಮೂರು ದಿನ ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ಅಷ್ಟೂ ದಿನ ಅಮ್ಮ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಿದ್ದರು. ಇದು ಮನುಷ್ಯರಿಗೂ ಬರುವ ಕಾಯಿಲೆ. ಗ್ಲೌಸ್ ಹಾಕಿಕೊಳ್ಳಿ, ನೆಲಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಾಯಿಯ ವಿಷಯ ಡಾಕ್ಟರಿಗೆ ಮೊದಲೇ ಹೇಳಿ ಎಂದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು.

ಒಮ್ಮೆಯೂ ಈ ಲಸಿಕೆ ಹಾಕಿಸದ ನಾಯಿಗೆ 2ರಿಂದ 4 ವಾರಗಳ ಅಂತರದಲ್ಲಿ 2 ಡೋಸ್ ಬೇಕು, ಆಮೇಲೆ ಪ್ರತಿ ವರ್ಷ ಒಂದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಓಡಿ ಬಂದರೆ ತಡ. ಹಾಗಾಗಿ ನಾನು ಏಪ್ರಿಲ್‌ನಲ್ಲೇ ಫೋನ್ ಮಾಡಿ ನೆನಪಿಸುತ್ತೇನೆ. ಈ ರೋಗಾಣುವಿನ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ. ಅದಕ್ಕೆ ನಾಯಿಯ ಬಟ್ಟಲನ್ನು ರಾತ್ರಿ ಹೊರಗೆ ಬಿಡಬೇಡಿ, ಇಲಿ ಬರುತ್ತದೆ. ತೋಟಕ್ಕೆ ಹೊರಡುವ ಮುಂಚೆ ಮನೆಯಲ್ಲೇ ಹೊಟ್ಟೆ ತುಂಬಾ ನೀರು ಕುಡಿಸಿ.