ಅರಸೀಕೆರೆಯಿಂದ ಮೂಡಿಗೆರೆಗೆ: ಮಣ್ಣಿನ ಗೋಡೆಗಳ ಜಾಡು ಹಿಡಿದು

ಬೆಂಗಳೂರಿನಲ್ಲಿ ಚೆಂದದ ಮಣ್ಣಿನ ಮನೆಯೊಂದನ್ನು ನೋಡಿ ಬಂದು, ಅದೇ ನಕ್ಷೆಯನ್ನು ಸಕಲೇಶಪುರದ ಕಾಫಿ ತೋಟದಲ್ಲಿ ಎತ್ತಿ ನಿಲ್ಲಿಸುವವರು ಈಗ ಬಹಳ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡ ಉದುರತೊಡಗುತ್ತದೆ, ಬೈಗುಳ ಮಾತ್ರ ಮಣ್ಣಿಗೆ. ಅದಕ್ಕೇ ಈ ಪ್ರವಾಸವನ್ನು ಮಳೆ ಏರುವ ದಿಕ್ಕಿಗೆ ಇಟ್ಟುಕೊಂಡದ್ದು. ವರ್ಷಕ್ಕೆ 600–700 ಮಿ.ಮೀ. ಮಳೆಯ ಅರಸೀಕೆರೆಯಿಂದ ಹೊರಟು, ಹಳೇಬೀಡು, ಬೇಲೂರು ಹಾದು, 2,000 ಮಿ.ಮೀ. ದಾಟುವ ಸಕಲೇಶಪುರ, ಮೂಡಿಗೆರೆ ಕಡೆಗೆ.

ಅರಸೀಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ಹಳೆಯ ಮಣ್ಣಿನ ಮನೆಗಳಿಗೆ ಸೂರು ಚಿಕ್ಕದು, ಕೆಲವಕ್ಕೆ ಮಣ್ಣಿನ ಮಾಳಿಗೆಯೇ ಚಾವಣಿ. ಅಲ್ಲಿಗೆ ಅಷ್ಟು ಸಾಕು. ಗೋಡೆಗೆ ಮಳೆ ಬಡಿದರೂ ಮರುದಿನದ ಬಿಸಿಲಿಗೆ ಒಣಗುತ್ತದೆ. ಮಲೆನಾಡಿನಲ್ಲಿ ಆ ಮರುದಿನದ ಬಿಸಿಲು ಇಲ್ಲ, ವ್ಯತ್ಯಾಸವೆಲ್ಲ ಅಲ್ಲಿದೆ.

ಮಣ್ಣಿನ ಗೋಡೆಯ ಲೆಕ್ಕವನ್ನು ಕರ್ನಾಟಕದಲ್ಲಿ ಶಾಸ್ತ್ರೀಯವಾಗಿ ಮಾಡಿಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' (ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ಕೇಂದ್ರ) ತಂಡದವರು. 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಶುರು ಮಾಡಿದ ಈ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಗರ ನಡುವೆಯೇ ಕೆಲಸ ಮಾಡಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರು ಕೈಯಿಂದ ಒತ್ತುವ ಯಂತ್ರದ ಮಣ್ಣಿನ ಬ್ಲಾಕನ್ನು ಪ್ರಯೋಗಾಲಯದಿಂದ ಮೇಸ್ತ್ರಿಯ ಕೈಗೆ ತಂದರು. 2003ರಲ್ಲಿ ಇಬ್ಬರೂ ಪ್ರಕಟಿಸಿದ ಲೆಕ್ಕದಂತೆ ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿ 2,141 ಮೆಗಾಜೂಲ್. 6% ಸಿಮೆಂಟು ಹಾಕಿದ ಮಣ್ಣಿನ ಬ್ಲಾಕಿನ ಗೋಡೆಗೆ 646. ಬ್ಲಾಕಿಗೆ ಗೂಡಿಲ್ಲ, ಸೌದೆಯಿಲ್ಲ, ಉಳಿತಾಯವಾಗುವುದು ಅಲ್ಲಿಯೇ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ (ಕೆಲಸ ಆರಂಭವಾದದ್ದು 1121ರಲ್ಲಿ) ಎಲ್ಲರೂ ಶಿಲ್ಪ ನೋಡುತ್ತಾರೆ. ಕಟ್ಟುವವರು ನೋಡಬೇಕಾದ್ದು ಗೋಡೆಯ ಮೇಲೆ ಇಳಿಜಾರಾಗಿ ಚಾಚಿದ ಕಲ್ಲಿನ ಸಜ್ಜಾ ಮತ್ತು ಕೆಳಗಿನ ಜಗತಿ. ಒಂದು ನೀರನ್ನು ಗೋಡೆಯಿಂದ ಆಚೆ ಎಸೆಯುತ್ತದೆ, ಇನ್ನೊಂದು ಗೋಡೆಯ ಬುಡವನ್ನು ನೆಲದಿಂದ ಮೇಲೆತ್ತುತ್ತದೆ. ಬಳಪದ ಕಲ್ಲಿಗೇ ಇಷ್ಟು ಉಪಚಾರ ಮಾಡಿದ್ದಾರೆ, ಮಣ್ಣಿಗೆ ಬೇಡವೇ? ಹದಿನಾರು ಕಿಲೋಮೀಟರ್ ಆಚೆ ಬೇಲೂರಿನಲ್ಲೂ ಇದೇ ಪಾಠ.

ಬೇಲೂರು ದಾಟಿ ಸಕಲೇಶಪುರದತ್ತ ಹೊರಳಿದರೆ ಮನೆಗಳ ಸೂರು ಉದ್ದವಾಗುತ್ತ ಹೋಗುತ್ತದೆ. ಹಳೆಯ ಮನೆಗಳ ಪಶ್ಚಿಮದ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಜಡಿಮಳೆ ಆ ಕಡೆಯಿಂದಲೇ ಅಡ್ಡ ಬೀಸುತ್ತದೆ. ಈಗಿನ ಕೆಲವು ಹೋಂಸ್ಟೇಗಳಲ್ಲಿ ಕಾಂಕ್ರೀಟ್ ಗೋಡೆಗೆ ಮಣ್ಣಿನ ಬಣ್ಣ ಬಳಿದು 'ಪರಿಸರಸ್ನೇಹಿ' ಎಂಬ ಫಲಕ ತೂಗುಹಾಕಿದ್ದಾರೆ. ಅವುಗಳ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ.

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಬ್ಲಾಕ್ ಒತ್ತುವ ಕೆಲಸ ನಡೆದಿತ್ತು. ಮೇಲಿನ ಒಂದೂವರೆ ಅಡಿ ಮಣ್ಣನ್ನು ತೆಗೆದು ಬೇರೆ ರಾಶಿ ಮಾಡಿದ್ದರು. ಅದು ಗಿಡಕ್ಕೆ ವಾಪಸ್ ಹೋಗಬೇಕಾದ ಮಣ್ಣು, ಬೇರು, ಎಲೆಗೊಬ್ಬರ ಸೇರಿರುವ ಕಾರಣ ಬ್ಲಾಕಿಗೂ ಬರುವುದಿಲ್ಲ. ಕೆಳಗಿನ ಕೆಂಪು ಮಣ್ಣಿನ ಪರೀಕ್ಷೆಗೆ ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ಅದರ ಮೇಲೆ ಹೂಳು, ಜೇಡಿ ಮಾತ್ರ ಮರುದಿನಕ್ಕೆ. ಬ್ಲಾಕಿಗೆ ಬೇಕಾದ್ದು ಸುಮಾರು 65–70% ಮರಳು, 10–15% ಜೇಡಿ. ಅಲ್ಲಿಯ ಮಣ್ಣಿನಲ್ಲಿ ಜೇಡಿಯೇ ಹತ್ತಿರ ಹತ್ತಿರ 30%. ಹಾಗಾಗಿ ಒಂದು ಪಾಲು ಮಣ್ಣಿಗೆ ಒಂದು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು). ಮರಳು ಬೆರೆಸದೆ ಒತ್ತಿದರೆ ಒಣಗುವಾಗ ಜೇಡಿ ಕುಗ್ಗಿ ಬಿರುಕು ಬಿಡುತ್ತದೆ. ಸಿಮೆಂಟು ಹೆಚ್ಚಿಸಿ ಅದನ್ನು ಸರಿಪಡಿಸಲು ಹೋಗುವುದು ದುಡ್ಡು ದಂಡ. ಕಪ್ಪು ಎರೆಮಣ್ಣಾದರೆ ಸಿಮೆಂಟಿಗಿಂತ ಸುಣ್ಣವೇ ಹೊಂದುತ್ತದೆ.

ಜರಡಿ ಹಿಡಿದ ಮಣ್ಣು, ಮರಳು, 7% ಸಿಮೆಂಟು, ಎಲ್ಲವನ್ನೂ ಮೊದಲು ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲಸಬೇಕು. ಆಮೇಲೆ ನೀರು ಚಿಮುಕಿಸುವುದು. ಮೇಸ್ತ್ರಿ ಒಂದು ಹಿಡಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಟ್ಟರು. ಅದು ಒಡೆಯದೆ ನೆಲಕ್ಕೆ ಅಂಟಿತು.

"ತಮ್ಮಾ, ಚಪಾತಿ ಆಯ್ತಲ್ಲ ಮಾರಾಯ. ಒಂದು ಬಾಂಡ್ಲಿ ಒಣದ್ದು ಹಾಕು."

"ಬರೀ ಮಣ್ಣಾ ಅಣ್ಣ?"

"ಸಿಮೆಂಟು ಕಲಸಿದ್ದು ಹಾಕೋ. ಬರೀ ಮಣ್ಣು ಹಾಕಿದ್ರೆ ಬ್ಲಾಕು ಬಡವಾಗ್ತದೆ."

ಉಂಡೆ ಮೂರ್ನಾಲ್ಕು ಹೋಳಾಗಿ ಬಿದ್ದರೆ ಹದ ಸರಿ, ಪುಡಿಪುಡಿಯಾದರೆ ನೀರು ಸಾಲದು. ನೀರು ಹಾಕಿದ ಮಿಶ್ರಣವನ್ನು ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಊಟಕ್ಕೆ ಹೋಗಿಬಂದು ಒತ್ತಿದ ಬ್ಲಾಕುಗಳು ನೋಡಲು ಒಂದೇ ಥರ ಇರುತ್ತವೆ, ಅಂಚು ಮಾತ್ರ ಬೆರಳಿಗೇ ಉದುರುತ್ತದೆ. ಅಷ್ಟರಲ್ಲಿ ಸಿಮೆಂಟು ಗಟ್ಟಿಯಾಗಲು ಶುರುವಾಗಿರುತ್ತದೆ.

ಅಚ್ಚಿಗೆ ಮಣ್ಣನ್ನು ಅಂದಾಜಿಗೆ ತುಂಬದೆ ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಬೇಕು. 230×190×100 ಮಿ.ಮೀ. ಅಳತೆಯ ಬ್ಲಾಕು ಒಣಗಿದ ಮೇಲೆ ಎಂಟು ಕಿಲೋ ತೂಗಿದರೆ ಒತ್ತಡ ಸರಿಯಾಗಿ ಬಿದ್ದಿದೆ ಎಂದರ್ಥ. ಈ ಲೆಕ್ಕದಲ್ಲಿ ಒಂದು ಮೂಟೆ ಸಿಮೆಂಟಿಗೆ ಸುಮಾರು 90 ಬ್ಲಾಕು, ಒಂದು ಚದರ ಮೀಟರ್ ಗೋಡೆಗೆ 37ರಷ್ಟು. ಮರುದಿನದಿಂದ ಹುಲ್ಲು ಹೊದಿಸಿ ಮೂರು ವಾರ ನೀರು ಹೊಡೆಯಬೇಕು. ಇಲ್ಲಿ ಸಮಯದ ಇಕ್ಕಟ್ಟು ದೊಡ್ಡದು. ಜೂನ್‌ಗೆ ಮುಂಚೆ ಗೋಡೆ ಎದ್ದು ಹೆಂಚು ಕೂರಬೇಕು, ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಳುಗಳೆಲ್ಲ ಕಾಫಿ ಹಣ್ಣು ಕೊಯ್ಲಿನಲ್ಲಿ. ನವೆಂಬರ್‌ನಲ್ಲಿ ಮಳೆ ಬಿಟ್ಟ ಕೂಡಲೇ ಬ್ಲಾಕ್ ಒತ್ತಿಟ್ಟುಕೊಳ್ಳುವುದೇ ಜಾಣತನ.

ಗೋಡೆ ಕಟ್ಟುವ ಗಾರೆ 1:1:6, ಅಂದರೆ ಸಿಮೆಂಟು, ಮಣ್ಣು, ಮರಳು. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಗೋಡೆ ಸ್ವಲ್ಪ ಕುಸಿದಾಗ ಬ್ಲಾಕೇ ಸೀಳುತ್ತದೆ. ಸಂದಿನಲ್ಲಿ ಬಿರುಕು ಬಂದರೆ ತುಂಬಬಹುದು. ಸೈಜುಗಲ್ಲಿನ ಬೇಸ್‌ಮೆಂಟು ನೆಲದಿಂದ ಎರಡು ಅಡಿಯಾದರೂ ಬೇಕು, ಸೂರು ಮೂರು ಅಡಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವುದು ಆ ಎರಡು ಅಡಿಯೊಳಗೇ. ಬುಡ ಒದ್ದೆಯಾಗುತ್ತಿದೆ ಎಂದು ಸಿಮೆಂಟ್ ಪ್ಲಾಸ್ಟರ್ ಹೊಡೆಸುವವರು ಕಾಯಿಲೆ ಹೆಚ್ಚಿಸಿಕೊಳ್ಳುತ್ತಾರೆ. ಒಳಗಿನ ತೇವ ಹೊರಬರಲಾಗದೆ ಪ್ಲಾಸ್ಟರ್ ಹಪ್ಪಳಿಕೆ ಏಳುತ್ತದೆ, ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗಾರೆ ಉಸಿರಾಡಲು ಬಿಡುತ್ತದೆ.

ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007), ಮನೆಯ ಸಾಮಗ್ರಿ ಐದು ಮೈಲಿಯೊಳಗೇ ಸಿಗಬೇಕೆಂಬ ಗಾಂಧೀಜಿಯ ಮಾತನ್ನು ನೆನೆಯುತ್ತಿದ್ದರು. ಮೂಡಿಗೆರೆಯಲ್ಲಿ ಮಣ್ಣು, ಕಲ್ಲು, ಸಿಲ್ವರ್ ಓಕ್ ಮರ ಆ ಅಳತೆಯೊಳಗೆ ಬರುತ್ತವೆ. ಸಿಮೆಂಟು, ಹೆಂಚು ಬರುವುದಿಲ್ಲ. ಸಿಲ್ವರ್ ಓಕಿಗೂ ಬೋರಾಕ್ಸ್, ಬೋರಿಕ್ ಆಮ್ಲದ ಉಪಚಾರ ಮಾಡದಿದ್ದರೆ ಕುಟ್ಟೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮನೆಯ ತಳಕ್ಕೆ ಅಗೆದ ಮಣ್ಣಿನಿಂದಲೇ ಗೋಡೆ ಎಬ್ಬಿಸುತ್ತ ಬಂದಿದ್ದಾರೆ, ಎಸ್. ವಿಶ್ವನಾಥ್ ಮಳೆನೀರು ಹಿಡಿಯುವುದನ್ನು ಮನೆಮಾತಾಗಿಸಿದ್ದಾರೆ. ಈ ಎರಡೂ ಸೇರುವುದು ಮಲೆನಾಡಿನಲ್ಲೇ ಸುಲಭ: ಮಣ್ಣು ತೆಗೆದ ಗುಂಡಿಯೇ ನೀರಿನ ತೊಟ್ಟಿ. ನೂರು ಚದರ ಮೀಟರ್ ಚಾವಣಿಗೆ 2,000 ಮಿ.ಮೀ. ಮಳೆಯಾದರೆ, ಸೋರಿ ಹೋದದ್ದು ಕಳೆದು 1,70,000 ಲೀಟರ್ ಸಿಗುತ್ತದೆ. ಅರಸೀಕೆರೆಯಲ್ಲಿ ಅದೇ ಚಾವಣಿಗೆ 55,000 ಲೀಟರ್. ಆದರೆ ತೊಟ್ಟಿಯನ್ನು ಗೋಡೆಯಿಂದ ದೂರವಿಡಿ, ಇಳಿಜಾರಿನಲ್ಲಿ ಮನೆಗಿಂತ ಮೇಲ್ಗಡೆ ತೋಡಲೇಬೇಡಿ. ಇಂಗಿದ ನೀರು ತಳಪಾಯಕ್ಕೇ ಬರುತ್ತದೆ.

ಇಂಥ ಮನೆಗಳನ್ನು ನೋಡಬೇಕೆನ್ನುವವರು ಬೇಸಿಗೆಯಲ್ಲಿ ಬಂದರೆ ಕಟ್ಟುವುದನ್ನು ನೋಡಬಹುದು, ಗುಣ ತಿಳಿಯುವುದು ಜುಲೈನಲ್ಲೇ. ಮನೆಯವರನ್ನು ಕೇಳಿ ಪಶ್ಚಿಮದ ಗೋಡೆಯ ಹತ್ತಿರ ಹೋಗಿ, ಕೆಳಗಿನ ಎರಡು ವರಸೆಯ ಮೇಲೆ ಅಂಗೈ ಉಜ್ಜಿ ನೋಡಿ. ಕೈಗೆ ಕೆಂಪು ಹತ್ತಿದರೆ ಸೂರಿನ ಉದ್ದ ಅಳೆಯಿರಿ, ಆಮೇಲೆ ಸಿಮೆಂಟು ಎಷ್ಟು ಹಾಕಿದ್ದೆಂದು ಕೇಳಿ.