ಗೂಬೆ ಕೂತದ್ದೂ ಕೂರಿಸಿದ್ದೂ

ಕಳೆದ ತಿಂಗಳು ಕಚೇರಿಯಲ್ಲಿ ಒಂದು ಕಡತ ಕಾಣೆಯಾಯಿತು, ಅದರ ಗೂಬೆಯನ್ನು ನನ್ನ ತಲೆಯ ಮೇಲೆ ಕೂರಿಸಲಾಯಿತು. ಮೂರನೆಯ ದಿನ ಕಡತ ಸಾಹೇಬರ ಮೇಜಿನ ಖಾನೆಯಲ್ಲೇ ಸಿಕ್ಕಿತಾದರೂ ಗೂಬೆಯನ್ನು ಇಳಿಸಲು ಯಾರೂ ಬರಲಿಲ್ಲ. ಆ ಬೇಸರದಲ್ಲೇ ಈ ನುಡಿಗಟ್ಟನ್ನು ಬಿಡಿಸಿ ನೋಡತೊಡಗಿದೆ.

ಮನೆಯ ಮೇಲೆ ಗೂಬೆ ಕೂತರೆ ಕೇಡು ಎಂಬುದು ನಮ್ಮ ಹಳ್ಳಿಗಳ ಹಳೆಯ ನಂಬಿಕೆ. ಶಾಂತಿ ಮಾಡಿಸುವವರೆಗೆ ಆ ಮನೆಯಲ್ಲಿ ಒಲೆ ಹಚ್ಚದವರೂ ಇದ್ದರು. ಆ ನಂಬಿಕೆಯಲ್ಲಿ ಗೂಬೆ ತಾನಾಗಿ ಬಂದು ಕೂರುತ್ತದೆ, ಯಾರದೂ ತಪ್ಪಿಲ್ಲ. 'ಕೂರು' ಎಂಬ ಧಾತುವಿಗೆ '-ಇಸು' ಪ್ರತ್ಯಯ ಹತ್ತಿದ ಕೂಡಲೇ, ಹಕ್ಕಿಯನ್ನು ಹಿಡಿದು ತಂದು ಬೇರೊಬ್ಬರ ಸೂರಿನ ಮೇಲೆ ಬಿಡುವ ಒಂದು ಕೈ ಕಾಣಿಸಿಕೊಳ್ಳುತ್ತದೆ, ಅಪಶಕುನವು ಅಪವಾದವಾಗುತ್ತದೆ. ಪತ್ರಿಕೆಗಳಲ್ಲಿ ಆಡಳಿತ ಪಕ್ಷವೂ ವಿರೋಧ ಪಕ್ಷವೂ ದಿನಬೆಳಗಾದರೆ ಪರಸ್ಪರ ಕೂರಿಸುವುದು ಈ ಗೂಬೆಯನ್ನೇ.

ಇನ್ನು 'ಲೇ ಗೂಬೆ' ಎಂಬ ಬೈಗುಳಕ್ಕೆ ಪೆದ್ದ ಎಂದಷ್ಟೇ ಅರ್ಥ. ಬೆಂಗಳೂರಿನ ಗೆಳೆಯರ ಬಾಯಲ್ಲಿ ಅದು ಅರ್ಧ ಮುದ್ದು. ಮಿಟುಕಿಸದಂತೆ ತೋರುವ ಆ ದುಂಡು ನೋಟವೇ ಈ ಅರ್ಥಕ್ಕೆ ಕಾರಣವಿರಬೇಕೆಂದು ನನ್ನ ಊಹೆ. ಕೊಳವೆಯಾಕಾರದ ಕಣ್ಣುಗಳನ್ನು ಗುಳಿಯೊಳಗೆ ಹೊರಳಿಸಲಾಗದ ಗೂಬೆ, ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು; ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳಿದ್ದರೆ ಅದರದರಲ್ಲಿ 14 ಇರುವುದರಿಂದ ಸುಮಾರು 270 ಡಿಗ್ರಿ ತಿರುಗಿಸಬಲ್ಲದು. ಕತ್ತಲಲ್ಲಿ ಸದ್ದಿನ ಜಾಡು ಹಿಡಿದೇ ಇಲಿಯ ಮೇಲೆರಗುವ ಹಕ್ಕಿ ಪೆದ್ದುತನಕ್ಕೆ ಹೆಸರಾದದ್ದು ಅನ್ಯಾಯವೇ ಸರಿ. ವಚನಗಳಲ್ಲಿ 'ಗೂಗೆ'ಯಾಗಿದ್ದಾಗಲೂ ಅದಕ್ಕೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೇ.

ಚಿಕ್ಕಂದಿನಲ್ಲಿ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಕಣಜ ಗೂಬೆಯ ಜೋಡಿಯೊಂದು ಸೇರಿಕೊಂಡಿತ್ತು. ಅವು ಕಕ್ಕಿದ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಕೆಳಗೆ ಬಿದ್ದಿರುತ್ತಿದ್ದವು. ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿದಾಗ ಬೂದು ಕೂದಲಿನ ನಡುವೆ ಇಲಿಯ ಪುಟ್ಟ ತಲೆಬುರುಡೆ, ಹಳದಿ ಬಾಚಿಹಲ್ಲಿನ ಸಮೇತ ಹೊರಬಂತು. ಭತ್ತದ ಕಣಜ ಕಾಯುವವರು ಇವರೇ ಎಂದು ಅದನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಗೆ ತೋರಿಸಲು ಓಡಿದೆ. "ಥೂ ಗೂಬೆ, ಮೊದ್ಲು ಕೈ ತೊಳ್ಕೊ ಹೋಗು" ಎಂದಳು ಅಜ್ಜಿ.