ಕಾಯಿಲ್ ಕೆಟ್ಟಿರ್ಲಿಲ್ಲ

ನಮ್ಮೂರು ತಿಪಟೂರಿನ ಹತ್ರ. ಹೋದ ದೀಪಾವಳಿಗೆ ಎರಡು ದಿನ ಮುಂಚೆ ಅಮ್ಮ ಫೋನಲ್ಲಿ "ಕಾಯಿಲ್ ಕೆಟ್ಟೋಗಿದೆ ಕಣೋ, ಒಂದು ಬಕೆಟ್ ನೀರು ಕಾಯಕ್ಕೆ ಮುಕ್ಕಾಲು ಗಂಟೆ ಮೇಲಾಗ್ತದೆ, ಹಬ್ಬಕ್ಕೆ ಎಲ್ಲಾರೂ ಎಣ್ಣೆ ಹಚ್ಕೊಂಡು ಸಾಲಾಗಿ ಕೂತ್ರೆ ನಾನೇನ್ ಮಾಡ್ಲಿ" ಅಂದ್ಳು. ಸರಿ, ಹಳೇದು 1500 ವ್ಯಾಟು ತಾನೇ, ದೊಡ್ಡದೇ ತಗೊಂಡೋಗಣ ಅಂತ ದಾರೀಲಿ ಒಂದು 2000 ವ್ಯಾಟಿಂದು ತಗೊಂಡೆ. ಅದರ ಜೊತೆ ಯಾಕೋ ಫ್ರೆಂಡ್ ಹತ್ರ ಇಸ್ಕೊಂಡಿದ್ದ ಕ್ಲ್ಯಾಂಪ್ ಮೀಟರೂ (ವೈರನ್ನ ಇಕ್ಕಳದ ಥರ ಸುತ್ತಿ ಹಿಡಿದು ಕರೆಂಟ್ ಅಳೆಯೋದು, ವೋಲ್ಟು ಓಮೂ ತೋರಿಸುತ್ತೆ) ಬ್ಯಾಗಲ್ಲಿತ್ತು, ಅದೊಂದು ಒಳ್ಳೇದಾಯ್ತು.

ನೀರು ತುಂಬೋ ಹಬ್ಬದ ಸಂಜೆ, ಹೊಸದನ್ನ ಬಿಚ್ಚೋ ಮುಂಚೆ, ಹಳೇದರ ಎರಡು ಪಿನ್ನಿಗೆ ಮೀಟರ್ ಹಿಡಿದು ನೋಡ್ದೆ. ರೆಸಿಸ್ಟೆನ್ಸು, ಅಂದ್ರೆ ಕರೆಂಟಿಗೆ ತಂತಿ ಒಡ್ಡೋ ತಡೆ, 35 ಓಮ್ ಚಿಲ್ಲರೆ. 230 ವೋಲ್ಟಿಗೆ 1500 ವ್ಯಾಟು ಅಂತ ಮೇಲೆ ಬರೆದಿದೆಯಲ್ಲ, ವೋಲ್ಟನ್ನ ವೋಲ್ಟಿಂದಲೇ ಗುಣಿಸಿ ವ್ಯಾಟಿಂದ ಭಾಗಿಸಿದ್ರೆ 52900 ಭಾಗಿಸು 1500, ಅಂದ್ರೆ 35.3. ಅಂಗಡಿಯಿಂದ ಬಂದಾಗ ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ! (ಈ ಲೆಕ್ಕನ ಹಳೇ ಕಾಲದ ಗಾಜಿನ ಬಲ್ಬಿಗೆ ಮಾಡಕ್ಕೆ ಹೋಗ್ಬೇಡಿ. ಪಿಯುಸೀಲಿದ್ದಾಗ ನಾನು 100 ವ್ಯಾಟ್ ಬಲ್ಬಿಗೆ ಹಿಂಗೇ ಮೀಟರ್ ಹಿಡಿದು, ಸುಮಾರು 40 ಓಮ್ ತೋರಿಸ್ತು, ಲೆಕ್ಕ ಹಾಕಿದ್ರೆ 1300 ವ್ಯಾಟ್ ದಾಟ್ತು. ಬಲ್ಬಿನ ತಂತಿ ಉರಿಯೋವಾಗ ಅದರ ರೆಸಿಸ್ಟೆನ್ಸು ಹತ್ತು ಹದಿಮೂರು ಪಟ್ಟು ಏರುತ್ತೆ ಅಂತ ಆಮೇಲೆ ಗೊತ್ತಾಯ್ತು. ಕಾಯಿಲ್ ಒಳಗಿರೋ ನೈಕ್ರೋಮ್ ತಂತಿ ಹಂಗೆ ಆಟ ಆಡಲ್ಲ.)

ಅಂದ್ರೆ ಕಾಯಿಲ್ ನಿರಪರಾಧಿ. ಬಕೆಟಲ್ಲಿ ನೀರಿಟ್ಟು ಆನ್ ಮಾಡಿ ಕರೆಂಟ್ ನೋಡೋಣ ಅಂತ ವೈರಿಗೆ ಕ್ಲ್ಯಾಂಪ್ ಹಾಕಿದ್ರೆ ಸೊನ್ನೆ. ನೀರು ಬಿಸಿ ಆಗ್ತಿದೆ, ಮೀಟರ್ ಸೊನ್ನೆ ಅಂತಿದೆ. ಐದು ನಿಮಿಷ ಮೀಟರನ್ನೇ ಬೈದೆ, ಆಮೇಲೆ ಹೊಳೀತು, ಪೂರ್ತಿ ಕೇಬಲ್ ಹಿಡಿದ್ರೆ ಹೋಗೋ ಕರೆಂಟು ಬರೋ ಕರೆಂಟು ಒಂದನ್ನೊಂದು ಅಳಿಸಿ ಹಾಕ್ತವೆ, ಒಂದೇ ವೈರ್ ಹಿಡೀಬೇಕು. ಮೇನ್ ಬೋರ್ಡ್ ಹತ್ರ ಒಂಟಿ ವೈರ್ ಸಿಕ್ತು, ಫ್ರಿಜ್ಜು ಟೀವಿ ಲೈಟು ಎಲ್ಲಾ ಆಫ್ ಮಾಡಿಸ್ದೆ, ಹಬ್ಬದ ಹೊತ್ತಲ್ಲಿ ಕತ್ತಲೆ ಮಾಡಿದ್ದಕ್ಕೆ ಅತ್ತಿಗೆ ಕೈಲಿ ಬೈಸ್ಕೊಂಡೆ. 5.1 ಆಂಪಿಯರ್ ಬಂತು. ಬಚ್ಚಲುಮನೆ ಪ್ಲಗ್ ಹತ್ರ ವೋಲ್ಟೇಜು 181. ಎರಡನ್ನೂ ಗುಣಿಸಿದ್ರೆ 923 ವ್ಯಾಟು. ಅಷ್ಟೇ. ಇಪ್ಪತ್ತು ಲೀಟರ್ ನೀರನ್ನ 22 ಡಿಗ್ರಿಯಿಂದ 55ಕ್ಕೆ ತರಕ್ಕೆ 1500 ವ್ಯಾಟಾದ್ರೆ ಅರ್ಧ ಗಂಟೆ ಸಾಕು, 923 ಆದ್ರೆ ಐವತ್ತು ನಿಮಿಷ. ಅಮ್ಮ ಗಡಿಯಾರ ನೋಡಿ ಹೇಳಿದ್ದು ಕರೆಕ್ಟಾಗೇ ಇತ್ತು.

ಆ ಹೊತ್ತಿಗೆ ತೋಟದ ಪಂಪ್‌ಸೆಟ್ಟುಗಳು ಓಡ್ತಿದ್ವು, ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೇಲೆ ಲೋಡು, ಅದಕ್ಕೆ ವೋಲ್ಟೇಜ್ ಬಿದ್ದಿದೆ ಅಂತ ಮುಗಿಸಿಬಿಡ್ತಿದ್ದೆ. ಆದ್ರೆ ಮೇನ್ ಬೋರ್ಡ್ ಹತ್ರ ಅದೇ ಹೊತ್ತಲ್ಲಿ ನೋಡಿದ್ರೆ 193 ಇದೆ. ಬೋರ್ಡ್ ಇರೋ ನಡುಮನೆಯಿಂದ ಬಚ್ಚಲುಮನೆಗೆ ಹದಿನೈದು ಮೀಟರ್ ದೂರ, ಅಷ್ಟರಲ್ಲಿ 12 ವೋಲ್ಟ್ ಎಲ್ಲಿ ಹೋಯ್ತು? ಗೋಡೆ ಮೇಲಿನ ಕರೆಂಟ್ ಬಿಲ್ಲಿನ ಮೀಟರಲ್ಲಿ ಕೆಂಪು ಲೈಟು ಮಿಣುಕುತ್ತಲ್ಲ, ನಮ್ಮದರಲ್ಲಿ ಯೂನಿಟ್ಟಿಗೆ 3200 ಸಲ ಅಂತ ಬರೆದಿದೆ, ಮೊಬೈಲಲ್ಲಿ ಟೈಮ್ ಇಟ್ಕೊಂಡು ಎಣಿಸ್ದೆ, ನಿಮಿಷಕ್ಕೆ 52. ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 980 ವ್ಯಾಟು. ಮೀಟರ್ ಲೆಕ್ಕಕ್ಕೂ ನೀರಿಗೆ ಹೋಗ್ತಿರೋದಕ್ಕೂ ಸುಮಾರು 60 ವ್ಯಾಟ್ ವ್ಯತ್ಯಾಸ. ದಾರೀಲಿ ಯಾರೋ ತಿಂತಾವ್ರೆ.

ವೈರು 1 ಸ್ಕ್ವೇರ್ ಎಂಎಂ ತಾಮ್ರದ್ದು, ಹೋಗಿ ಬರೋದು ಸೇರಿ ಮೂವತ್ತು ಮೀಟರ್, ಅರ್ಧ ಓಮ್ ಸ್ವಲ್ಪ ಜಾಸ್ತಿ, ಅದು ತಿನ್ನೋದು ಮೂರು ವೋಲ್ಟು ಹತ್ರ. ಮಿಕ್ಕ ಒಂಬತ್ತು ವೋಲ್ಟು ಒಂದೇ ಕಡೆ ಬೀಳ್ತಿರ್ಬೇಕು. ಒಂಬತ್ತನ್ನ 5.1ರಿಂದ ಗುಣಿಸಿ ನೋಡ್ದೆ, 46 ವ್ಯಾಟು, ಅಂದ್ರೆ ಗೋಡೆ ಮೇಲೆ ಎಲ್ಲೋ ಎರಡು ಸೋಲ್ಡರಿಂಗ್ ಐರನ್ ದಿನಾ ಮುಕ್ಕಾಲು ಗಂಟೆ ಉರೀತಾ ಇದೆ. ನಿಜ ಹೇಳ್ಬೇಕು ಅಂದ್ರೆ ಹೊಟ್ಟೇಲಿ ಚಳಿ ಆಯ್ತು.

"ಅಮ್ಮ, ಎಲ್ಲಾದ್ರೂ ಸುಟ್ಟ ವಾಸನೆ ಬರ್ತಿತ್ತಾ?"

"ಕೊಟ್ಟಿಗೆ ಮೂಲೇಲಿ ಬರ್ತದೆ ಅಂತ ಗೌರಿ ಹಬ್ಬಕ್ಕೆ ಬಂದಾಗ್ಲೇ ಹೇಳಿದ್ನಲ್ಲೋ. ನೀನು ಗೊಬ್ಬರದ ವಾಸನೆ ಅಂದೆ."

ಹೌದು, ಅಂದಿದ್ದೆ.

ವೈರಿಂಗ್ ಮಾಡೋ ಅಣ್ಣನ್ನ ಕರೆಸಿ, ಮೇನ್ ಆಫ್ ಮಾಡಿ, ಕೇಸಿಂಗ್ ಪಟ್ಟಿ ತೆಗೆಸಿದ್ರೆ ಕೊಟ್ಟಿಗೆ ಮೂಲೇಲಿ ಒಂದು ಜಾಯಿಂಟು, ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ, ಟೇಪ್ ಕರಗಿ ಬೆಲ್ಲದ ಪಾಕದ ಥರ ಅಂಟಿಕೊಂಡಿದೆ, ತಾಮ್ರ ಕಪ್ಪಾಗಿದೆ, ಅದರಿಂದ ಒಂದು ಕೈಯಷ್ಟು ಮೇಲೆ ಒಣಗಿದ ತೆಂಗಿನ ಗರಿ. "ನಿಮ್ ಪುಣ್ಯ ಸಾರ್" ಅಂದ ಅವನು. ಆ ಜಾಯಿಂಟಿನ ರೆಸಿಸ್ಟೆನ್ಸು 1.8 ಓಮ್ ಬೀಳುತ್ತೆ ಲೆಕ್ಕಕ್ಕೆ. ನಾನು ತಂದಿದ್ದ 2000 ವ್ಯಾಟಿನ ಕಾಯಿಲ್ ಹಾಕಿದ್ರೆ ಕರೆಂಟು 6.7 ಆಗ್ತಿತ್ತು, ಜಾಯಿಂಟ್ ತಿನ್ನೋದು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದ್ರಿಂದ 46 ಇದ್ದಿದ್ದು 80 ವ್ಯಾಟ್ ಆಗ್ತಿತ್ತು. ನೀರು ಬೇಗ ಕಾಯ್ಲಿ ಅಂತ ನಾನೇ ಕೊಟ್ಟಿಗೆಗೆ ಬೆಂಕಿ ಇಡಕ್ಕೆ ಸಾಮಾನು ತಂದಿದ್ದೆ.

ಜಾಯಿಂಟೇ ಇಲ್ದಂಗೆ ಅಖಂಡ ವೈರ್ ಎಳೆಸಿದ್ವಿ, 2.5 ಸ್ಕ್ವೇರ್ ಎಂಎಂದು. ಆಮೇಲೆ ನೋಡಿದ್ರೆ ಬಚ್ಚಲಲ್ಲಿ 191 ವೋಲ್ಟು, ಸಾವಿರದ ಮೇಲೆ ವ್ಯಾಟು, ಐವತ್ತು ನಿಮಿಷ ಇದ್ದಿದ್ದು ನಲವತ್ತೈದಕ್ಕೆ ಬಂತು. ಅಮ್ಮಂಗೆ ಇದು ಅಷ್ಟೇನೂ ದೊಡ್ಡ ಸಾಧನೆ ಅನ್ನಿಸ್ಲಿಲ್ಲ. ಟಿಸಿದು ನನ್ನ ಕೈಲಿಲ್ಲವಲ್ಲ. "ವೋಲ್ಟೇಜ್ ಕಮ್ಮಿ ಇದ್ರೆ ಬಿಲ್ಲಾದ್ರೂ ಕಮ್ಮಿ ಬರ್ತದಾ?" ಅಂದ್ಳು. ಇಲ್ಲಮ್ಮ, ನಿಧಾನಕ್ಕೆ ಕಾದ್ರೂ ಅದೇ ಮುಕ್ಕಾಲು ಯೂನಿಟ್ಟೇ, ಜೊತೆಗೆ ಜಾಯಿಂಟ್ ತಿಂದಿದ್ದನ್ನೂ ಮೀಟರ್ ಬರ್ಕೊಳ್ತಿತ್ತು ಅಂದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೋಡಿದ್ರೆ 228 ವೋಲ್ಟು ಇತ್ತು, ಅರ್ಧ ಗಂಟೇಲಿ ನೀರು ಕುದಿ ಕುದಿ ಬಿಸಿ. ಆದ್ರೆ ಅಷ್ಟೊತ್ತಿಗೆ ಅಮ್ಮ ಹಂಡೆ ಒಲೆಗೆ ತೆಂಗಿನಮಟ್ಟೆ ಹಾಕಿ ಊದ್ತಾ ಇದ್ಳು, ಹಬ್ಬದ ದಿನ ಹಂಡೆ ನೀರೇ ಚೆಂದ ಅಂತೆ. ಹೊಸ ಕಾಯಿಲ್ ಇನ್ನೂ ಡಬ್ಬಿ ಸಮೇತ ಅಟ್ಟದ ಮೇಲಿದೆ, ವಾಪಸ್ ತಗೊಳಲ್ಲ ಅಂದ್ರು ಅಂಗಡಿಯೋರು.